ಮಿಲೇನಾ ಯೆಸೆನ್‌ಸ್ಕಾ: ಅನುವಾದಕಿಯ ಗದ್ಯ

ಸಾಹಿತ್ಯಚರಿತ್ರೆಯಲ್ಲಿ ಕೆಲವರ ಹೆಸರು ಅವರು ಬರೆದುದರಿಂದ ಉಳಿಯುವುದಿಲ್ಲ. ಅವರಿಗೆ ಇತರರು ಬರೆದುದರಿಂದ ಉಳಿಯುತ್ತದೆ. ಪ್ರಾಗ್ ನಗರದ ಪತ್ರಕರ್ತೆ ಮಿಲೇನಾ ಯೆಸೆನ್‌ಸ್ಕಾಳ ವಿಷಯದಲ್ಲಿ ಆದುದು ಇದೇ. ಫ್ರಾಂಜ್ ಕಾಫ್ಕಾ ಆಕೆಗೆ ಬರೆದ ಪತ್ರಗಳು 1952ರಲ್ಲಿ ವಿಲ್ಲಿ ಹಾಸನ ಸಂಪಾದಕತ್ವದಲ್ಲಿ ಪ್ರಕಟವಾದವು. ಅಂದಿನಿಂದ ಆಕೆ ಲೋಕಕ್ಕೆ ಕಾಫ್ಕಾನ ಗೆಳತಿ. ಬೇರೆ ವಿಶೇಷಣವೇ ಇಲ್ಲ. ಆಕೆ ಆತನಿಗೆ ಬರೆದ ಉತ್ತರಗಳಾದರೋ ಉಳಿದುಬಂದಿಲ್ಲ. ತಾಳಮದ್ದಳೆಯಲ್ಲಿ ಒಬ್ಬ ಅರ್ಥಧಾರಿಯ ಮಾತಷ್ಟೇ ಕೇಳಿಸಿ, ಎದುರಿಗೆ ಕುಳಿತವನ ಮಾತು ಗಾಳಿಗೆ ಹೋದರೆ ಸಂವಾದದ ತೂಕವನ್ನು ಯಾರು ತಾನೆ ನಿರ್ಣಯಿಸಬಲ್ಲರು? ಆದರೂ ಆ ಅರ್ಧ ಸಂವಾದದಿಂದಲೇ ಆಕೆಯ ಪೂರ್ಣಚಿತ್ರವನ್ನು ಬರೆಯುವ ಪರಿಪಾಠ ಬೆಳೆದಿದೆ. ಆಕೆಯ ಸ್ವಂತ ಬರಹ ದೊರೆಯದಿದ್ದರೆ ಇದನ್ನು ಕ್ಷಮಿಸಬಹುದಾಗಿತ್ತು. ಅದು ಪತ್ರಿಕೆಗಳ ಪುಟಗಳಲ್ಲಿ ಅಚ್ಚಾಗಿಯೇ ಇದೆ.

ಮಿಲೇನಾ ಹುಟ್ಟಿದುದು 1896ರಲ್ಲಿ, ಪ್ರಾಗಿನಲ್ಲಿ. ತಂದೆ ಯಾನ್ ಯೆಸೆನ್‌ಸ್ಕಿ ದಂತವೈದ್ಯ, ಪ್ರಾಧ್ಯಾಪಕ, ಕಟ್ಟಾ ಝೆಕ್ ರಾಷ್ಟ್ರಾಭಿಮಾನಿ. ಜರ್ಮನ್ ಮಾತಾಡುವ ಯೆಹೂದ್ಯನಾದ ಅರ್ನ್‌ಸ್ಟ್ ಪೊಲಾಕನನ್ನು ಮಗಳು ಪ್ರೀತಿಸಿದುದನ್ನು ಸಹಿಸಲಾರದೆ 1917ರಲ್ಲಿ ಆತ ಅವಳನ್ನು ಮಾನಸಿಕ ಚಿಕಿತ್ಸಾಲಯದಲ್ಲಿ ಕೂಡಿಹಾಕಿಸಿದನು. ಬಿಡುಗಡೆಯಾದ ಮೇಲೆ ಆಕೆ ಪೊಲಾಕನನ್ನೇ ವರಿಸಿ ವಿಯೆನ್ನಾಕ್ಕೆ ಹೋದಳು. ಆ ದಾಂಪತ್ಯ ಸುಖದ್ದಾಗಿರಲಿಲ್ಲ. ಜೀವನೋಪಾಯಕ್ಕಾಗಿ ಪ್ರಾಗಿನ ಪತ್ರಿಕೆಗಳಿಗೆ ಬರೆಯತೊಡಗಿದಳು, ಅನುವಾದಕ್ಕೂ ಕೈಹಾಕಿದಳು.

1920ರಲ್ಲಿ 'ಕ್ಮೆನ್' ಪತ್ರಿಕೆಯಲ್ಲಿ ಪ್ರಕಟವಾದ ಆಕೆಯ ಅನುವಾದ ಕಾಫ್ಕಾನ ಒಂದು ಕಥೆಯದು. ಹಡಗಿನ ತಳದಲ್ಲಿ ಕುಲುಮೆಗೆ ಕಲ್ಲಿದ್ದಲು ಹಾಕುವ ಒಬ್ಬ ಕೂಲಿ ತನಗಾದ ಅನ್ಯಾಯವನ್ನು ಮೇಲಿನವರ ಮುಂದೆ ಹೇಳಿಕೊಳ್ಳಲು ತೊದಲುವ ಕಥೆ ಅದು. ಕಾಫ್ಕಾ ಅನುವಾದದ ನಿಷ್ಠೆಯನ್ನು ಮೆಚ್ಚಿದನು. ತನಗೆ ಝೆಕ್ ಭಾಷೆಯಲ್ಲಿಯೇ ಬರೆಯಬೇಕೆಂದು ಆಕೆಯನ್ನು ಕೇಳಿಕೊಂಡನು. ಅವರ ಪ್ರಣಯದ ಬಗೆಗೆ ಹೊತ್ತಗೆಗಳೇ ಹುಟ್ಟಿರುವುದರಿಂದ ಇಲ್ಲಿ ಅದನ್ನು ಬೆಳೆಸಬೇಕಾದುದಿಲ್ಲ. ವಿಮರ್ಶೆಗೆ ಮುಖ್ಯವಾದುದು ಬೇರೆ. ಅನುವಾದವೆಂಬುದು ಒಂದು ಬಗೆಯ ಪರಕಾಯ ಪ್ರವೇಶ. ತನ್ನ ನೆಲೆಯನ್ನು ಬಿಟ್ಟು ಪರರ ನೆಲೆಯಲ್ಲಿ ನಿಂತು ನೋಡುವ ಅಭ್ಯಾಸ. ಆ ಅಭ್ಯಾಸ ಮಿಲೇನಾಳಲ್ಲಿ ಕೊನೆಯವರೆಗೆ ಉಳಿಯಿತು. ಅನುವಾದಕಿಯಾಗಿ ಕಲಿತುದನ್ನು ಆಕೆ ಪತ್ರಕರ್ತೆಯಾಗಿ ನಡೆಸಿದಳು.

ಮೊದಲ ಹಂತದ ಬರಹಗಳು ಉಡುಪು, ಅಡುಗೆ, ಮನೆಯ ಒಪ್ಪ ಓರಣಗಳನ್ನು ಕುರಿತವು. ಇವುಗಳಲ್ಲಿ ಹಲವು ತೆಳುವಾದವು, ಹೊಟ್ಟೆಪಾಡಿಗೆ ಬರೆದವು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಕಿಟಕಿ, ಪೆಟ್ಟಿಗೆ, ಹಳೆಯ ಅಂಗಿಗಳಲ್ಲಿ ಮನುಷ್ಯನ ಬಾಳನ್ನು ಓದುವ ಕಣ್ಣು ಅಲ್ಲಿಯೇ ಪಳಗಿತು. 1924ರ ಜೂನಿನಲ್ಲಿ ಕಾಫ್ಕಾ ತೀರಿಕೊಂಡಾಗ ಆಕೆ 'ನಾರೋದ್ನಿ ಲಿಸ್ತಿ' ಪತ್ರಿಕೆಗೆ ಬರೆದ ಸಣ್ಣ ಶ್ರದ್ಧಾಂಜಲಿಯಲ್ಲಿ ಪ್ರೇಯಸಿಯ ಅಳಲಿಲ್ಲ, ಓದುಗಳ ವಿವೇಕವಿದೆ. ಆ ಲೇಖಕನ ಮಹತ್ವವನ್ನು ಅರಿತವರು ಆಗ ಬೆರಳೆಣಿಕೆಯಷ್ಟು ಮಂದಿ.

ಅನಂತರದ ಹತ್ತು ವರ್ಷಗಳಲ್ಲಿ ಮತ್ತೊಂದು ಮದುವೆ, ಒಬ್ಬಳು ಮಗಳು, ದೀರ್ಘ ರೋಗ, ನೋವಿಗೆಂದು ಕೊಟ್ಟ ಮಾರ್ಫಿನ್ನಿನ ಚಟ, ಕಮ್ಯೂನಿಸ್ಟ್ ಪಕ್ಷದ ಸದಸ್ಯತ್ವ, 1936ರ ಹೊತ್ತಿಗೆ ಅದರಿಂದ ಹೊರನಡೆ. ಬಾಳು ಬಹುಮಟ್ಟಿಗೆ ಒಡೆದುಹೋಗಿದ್ದ ಈ ಘಟ್ಟದಲ್ಲಿ, 1937ರಲ್ಲಿ, ಫರ್ಡಿನಂಡ್ ಪೆರೌಟ್ಕಾ ನಡೆಸುತ್ತಿದ್ದ 'ಪ್ರೀತೊಮ್ನೊಸ್ತ್' ಎಂಬ ವಾರಪತ್ರಿಕೆಯನ್ನು ಆಕೆ ಸೇರಿದಳು. ಆ ಹೆಸರಿಗೆ ವರ್ತಮಾನವೆಂದು ಅರ್ಥ. ಮಿಲೇನಾಳ ನಿಜವಾದ ಸಾಹಿತ್ಯಜೀವನ ಈ ಎರಡು ವರ್ಷಗಳದು.

1938ರಲ್ಲಿ ಗಡಿಪ್ರಾಂತವಾದ ಸುಡೆಟನ್ ಪ್ರದೇಶದಿಂದ ಬರೆದಾಗ ಆಕೆ ಝೆಕ್ಕರ ಗೋಳನ್ನು ಮಾತ್ರ ಹೇಳಲಿಲ್ಲ. ಹಿಟ್ಲರನನ್ನು ವಿರೋಧಿಸಿ, ತಮ್ಮವರಿಂದಲೂ ಝೆಕ್ಕರಿಂದಲೂ ಕೈಬಿಡಲ್ಪಟ್ಟ ಜರ್ಮನರ ಗೋಳನ್ನೂ ಹೇಳಿದಳು. ದೇಶವೇ ಕೈತಪ್ಪುತ್ತಿದ್ದ ಕಾಲದಲ್ಲಿ ಇದು ಜನಪ್ರಿಯವಾಗಬಲ್ಲ ಮಾತಲ್ಲ.

1939ರ ಮಾರ್ಚ್ 15ರಂದು ಜರ್ಮನ್ ಸೈನ್ಯ ಪ್ರಾಗನ್ನು ಹೊಕ್ಕಿತು. ಮುಂದಿನ ವಾರದ ಸಂಚಿಕೆಯಲ್ಲಿ ಆಕೆ ಆ ಬೆಳಗನ್ನು ವರ್ಣಿಸಿದಳು. ನಸುಕಿನಲ್ಲಿಯೇ ಮೊಳಗುವ ದೂರವಾಣಿಗಳು, ಮನೆಮನೆಯಲ್ಲಿ ಹತ್ತಿಕೊಂಡ ದೀಪಗಳು, ಎಂದಿನಂತೆ ಕೆಲಸಕ್ಕೆ ಹೊರಟ ಜನ. ಅಜ್ಞಾತ ಯೋಧನ ಸಮಾಧಿಯ ಮೇಲೆ ಹೂವುಗಳ ರಾಶಿ, ಸುತ್ತಲೂ ಅಳುವವರು. ಅಲ್ಲಿ ನಿಂತ ಒಬ್ಬ ಜರ್ಮನ್ ಸೈನಿಕ ಕೈಯೆತ್ತಿ ಗೌರವ ಸಲ್ಲಿಸುತ್ತಾನೆ. ಲೇಖಕಿ ಆ ಸೈನಿಕನನ್ನು ದೂಷಿಸುವುದಿಲ್ಲ, ಕ್ಷಮಿಸುವುದೂ ಇಲ್ಲ; ಅವನ ಮುಖವನ್ನು ನೋಡುತ್ತಾಳೆ. ಕೋಪವನ್ನು ಹೀಗೆ ಹಿಡಿದಿಟ್ಟು ಬರೆದ ಗದ್ಯ ಎಲ್ಲ ಭಾಷೆಗಳಲ್ಲಿಯೂ ವಿರಳ. ಸೆನ್ಸಾರಿನ ಕಣ್ಣಿಗೆ ಬೀಳದಂತೆ ಬರೆಯಬೇಕಾದ ಬಲಾತ್ಕಾರವೂ ಈ ಮಿತಭಾಷೆಗೆ ಒಂದು ಕಾರಣವೆಂದು ಒಪ್ಪಬೇಕು. ಆದರೆ ಅದೇ ಬಲಾತ್ಕಾರ ಇತರ ಎಷ್ಟೋ ಲೇಖನಿಗಳನ್ನು ಮೌನಕ್ಕೋ ಮುಖಸ್ತುತಿಗೋ ತಳ್ಳಿತು.

ಏಪ್ರಿಲಿನಲ್ಲಿ ಬಂದ ಮತ್ತೊಂದು ಲೇಖನದ ವಿಷಯ, ಓಡದೆ ನಿಲ್ಲುವ ಕಲೆ. ಬಾಲ್ಯದ ಒಂದು ಘಟನೆಯನ್ನು ಅದರಲ್ಲಿ ನೆನೆಯಲಾಗಿದೆ. ಬೀದಿಯಲ್ಲಿ ಝೆಕ್ಕರೂ ಜರ್ಮನರೂ ಎದುರುಬದುರಾಗುತ್ತಾರೆ, ಗುಂಡು ಹಾರುತ್ತದೆ, ಜನ ಚೆಲ್ಲಾಪಿಲ್ಲಿಯಾಗುತ್ತಾರೆ. ಬರಿದಾದ ಬೀದಿಯಲ್ಲಿ ಒಬ್ಬನೇ ಒಬ್ಬ ನಿಂತಿರುತ್ತಾನೆ. ಬಿದ್ದ ಗಾಯಾಳುವಿನ ಕಡೆಗೆ ಬಾಗುತ್ತಾನೆ. ಆತ ಲೇಖಕಿಯ ತಂದೆ. ತನ್ನನ್ನು ಹುಚ್ಚಳೆಂದು ಕೂಡಿಹಾಕಿಸಿದ ತಂದೆಯನ್ನೇ ಧೈರ್ಯದ ನಿದರ್ಶನವಾಗಿ ಆರಿಸಿಕೊಂಡ ನ್ಯಾಯಬುದ್ಧಿ ಸಾಮಾನ್ಯವಾದುದಲ್ಲ. ಲೇಖನದಲ್ಲಿ ಹಳೆಯ ಅಪರಾಧದ ಪ್ರಸ್ತಾಪವೇ ಇಲ್ಲದಿರುವುದರಿಂದ, ಆ ಚರಿತ್ರೆಯನ್ನು ಅರಿಯದ ಓದುಗನಿಗೆ ಇದರ ಬೆಲೆ ತಿಳಿಯುವಂತಿಲ್ಲ. ಅದೇ ಕಾಲದ ಝೆಕ್ ತಾಯಿಯನ್ನು ಕುರಿತ ಬರಹದಲ್ಲಿ ಭಾವುಕತೆ ಸ್ವಲ್ಪ ಹೆಚ್ಚೇ ಆಗಿದೆ. ಮೇ ತಿಂಗಳ ಲೇಖನದಲ್ಲಿ ಆಕೆ ಮತ್ತೆ ಗಟ್ಟಿ ನೆಲಕ್ಕೆ ಬರುತ್ತಾಳೆ: ತಾನು ಝೆಕ್ಕಳೇ ಹೌದು, ಆದರೆ ಎಲ್ಲಕ್ಕೂ ಮೊದಲು ಸಭ್ಯ ಮನುಷ್ಯಳಾಗಿರಲು ಯತ್ನಿಸುವವಳು ಎಂಬುದು ಅದರ ತಾತ್ಪರ್ಯ.

ಬರಹದಲ್ಲಿ ನಿಂತ ನೆಲೆಯಲ್ಲಿಯೇ ಆಕೆ ಬದುಕಿನಲ್ಲಿಯೂ ನಿಂತಳು. ಆಕೆಯ ಮನೆ ತಲೆತಪ್ಪಿಸಿಕೊಂಡವರ ಆಶ್ರಯವಾಯಿತು. ಜರ್ಮನ್ ಕುಲೀನನಾದ ಯೋವಾಖಿಮ್ ಫಾನ್ ಸೆಡ್ಟ್‌ವಿಟ್ಸ್ ಎಂಬ ತರುಣನೊಡನೆ ಸೇರಿ ಯೆಹೂದ್ಯರನ್ನೂ ಝೆಕ್ ಅಧಿಕಾರಿಗಳನ್ನೂ ಪೋಲೆಂಡಿನ ದಾರಿಗೆ ಸಾಗಿಸಿದಳು. ಗುಪ್ತಪತ್ರಿಕೆಯೊಂದಕ್ಕೂ ಬರೆದಳು. 1939ರ ನವೆಂಬರಿನಲ್ಲಿ ಗೆಸ್ಟಪೊ ಆಕೆಯನ್ನು ಬಂಧಿಸಿತು. ಡ್ರೆಸ್ಡನ್ನಿನಲ್ಲಿ ಸಾಕ್ಷ್ಯ ಸಾಲದೆ ಮೊಕದ್ದಮೆ ಬಿದ್ದುಹೋದರೂ ಬಿಡುಗಡೆ ದೊರೆಯಲಿಲ್ಲ. 1940ರಲ್ಲಿ ರಾವೆನ್ಸ್‌ಬ್ರೂಕಿನ ಸ್ತ್ರೀಯರ ಬಂದೀಶಿಬಿರಕ್ಕೆ ಕಳುಹಿಸಲ್ಪಟ್ಟಳು.

ಶಿಬಿರದ ಆಸ್ಪತ್ರೆಯಲ್ಲಿ ಆಕೆಗೆ ಲೆಕ್ಕಪತ್ರದ ಕೆಲಸ. ರೋಗಿಷ್ಠರೆಂದು ದಾಖಲಾದವರಿಗೆ ಸಾವು ಖಚಿತವಾದುದರಿಂದ, ರಕ್ತಪರೀಕ್ಷೆಯ ಫಲಿತಾಂಶಗಳನ್ನು ತಿದ್ದಿ ಆಕೆ ಕೆಲವರನ್ನು ಉಳಿಸಿದಳೆಂದು ಮಾರ್ಗರೆಟೆ ಬೂಬರ್-ನೊಯ್ಮನ್ ಬರೆದಿದ್ದಾಳೆ. ಈಕೆ ಸೋವಿಯತ್ ಶಿಬಿರದಲ್ಲಿ ಬಾಳಿ, ಅಲ್ಲಿಂದ ನಾಜಿಗಳಿಗೆ ಒಪ್ಪಿಸಲ್ಪಟ್ಟವಳು. ಈಕೆಯ ಸಂಗವನ್ನು ಬಿಡಬೇಕೆಂದು ಕಮ್ಯೂನಿಸ್ಟ್ ಬಂದಿಗಳು ಒತ್ತಾಯಿಸಿದಾಗ ಮಿಲೇನಾ ಗೆಳತಿಯನ್ನೇ ಆರಿಸಿಕೊಂಡಳು. ಎರಡೂ ಬಗೆಯ ಶಿಬಿರಗಳನ್ನು ಕುರಿತು ಇಬ್ಬರೂ ಕೂಡಿ ಒಂದು ಗ್ರಂಥ ಬರೆಯಬೇಕೆಂದು ಯೋಚಿಸಿದ್ದರು. ಮೂತ್ರಪಿಂಡದ ರೋಗದಿಂದ ಮಿಲೇನಾ 1944ರ ಮೇ 17ರಂದು ಅಲ್ಲಿಯೇ ತೀರಿಕೊಂಡಳು. 1994ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಯೆಹೂದ್ಯರನ್ನು ಕಾಪಾಡಿದ ಸಜ್ಜನರ ಪಟ್ಟಿಯಲ್ಲಿ ಆಕೆಯ ಹೆಸರನ್ನು ಸೇರಿಸಿತು.

ಬೂಬರ್-ನೊಯ್ಮನ್ ಬರೆದ ಜೀವನಚರಿತ್ರೆ ಪ್ರೀತಿಯಿಂದ ತುಂಬಿದ್ದು, ಗೆಳತಿಯ ದೌರ್ಬಲ್ಯಗಳನ್ನು ಮೃದುವಾಗಿಸುತ್ತದೆ. ಮಗಳು ಯಾನಾ ಚೆರ್ನಾ ಬರೆದ ಪುಸ್ತಕದಲ್ಲಿ ಒರಟುತನವಿದ್ದರೂ ಒಡನಾಟದ ಬಿಸಿ ಇದೆ. ಎರಡನ್ನೂ ಕೂಡಿಸಿ ಓದಬೇಕು. ಅವಕ್ಕೂ ಮೊದಲು ಪತ್ರಿಕಾಬರಹಗಳನ್ನು ಓದಬೇಕು. ಝೆಕ್ ಬಾರದವರಿಗೆ ಕ್ಯಾಥ್ಲೀನ್ ಹೇಯ್ಸ್ 2003ರಲ್ಲಿ ಇಂಗ್ಲಿಷಿಗೆ ತಂದ ಸಂಕಲನವುಂಟು. ಶಿಬಿರದಲ್ಲಿ ಜೊತೆಗಿದ್ದ, ಆಕೆಯ ನಿಜವಾದ ಬೆಲೆಯನ್ನು ಬಲ್ಲ ಗೆಳತಿಯೂ 1963ರಲ್ಲಿ ತನ್ನ ಗ್ರಂಥವನ್ನು ಹೊರತಂದಾಗ ಅದರ ಶೀರ್ಷಿಕೆಯಲ್ಲಿ ಮಿಲೇನಾ ಕಾಫ್ಕಾನ ಗೆಳತಿಯಾಗಿಯೇ ಉಳಿದಳು.