ಬೆಟ್ಟಿ ಕಾರ್ಟರ್: ಹಾಡಿನ ಗತಿ ಯಾರದು?

1948ರಲ್ಲಿ ಲಯನೆಲ್ ಹ್ಯಾಂಪ್ಟನ್ ವಾದ್ಯವೃಂದ ಸೇರಿದ ಬೆಟ್ಟಿ ಕಾರ್ಟರ್‌ಗೆ ಅಲ್ಲಿ ‘ಬೆಟ್ಟಿ ಬಿಬಾಪ್’ ಎಂಬ ಅಡ್ಡಹೆಸರು ಅಂಟಿತು. ಆಕೆಗೆ ಅದು ಹಿಡಿಸಲಿಲ್ಲ. ಸಹಜವೇ, ಅದು ಆಕೆಯನ್ನು ಒಂದು ಶೈಲಿಗೆ ಕಟ್ಟಿಹಾಕುತ್ತದೆ.

ಆಕೆಯ ನಿಜವಾದ ಹೊಸತನ ನನಗೆ ಕಾಣುವುದು ಗತಿಯಲ್ಲಿ. ಪರಿಚಿತ ಪ್ರೇಮಗೀತೆಯನ್ನು ನಿಂತೇಹೋಯಿತೇನೋ ಎನ್ನುವಷ್ಟು ವಿಳಂಬಕ್ಕೆ ಎಳೆದು, ಮರುಕ್ಷಣವೇ ಓಡಿಸುತ್ತಾರೆ. ಪಿಯಾನೊ, ಬಾಸ್, ಡ್ರಮ್ಸ್ ನುಡಿಸುವವರು ಆಕೆಯ ಉಸಿರನ್ನೇ ಗಮನಿಸುತ್ತಿರಬೇಕು. 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಧ್ವನಿಮುದ್ರಿಸಿದ ‘ದಿ ಆಡಿಯನ್ಸ್ ವಿತ್ ಬೆಟ್ಟಿ ಕಾರ್ಟರ್’ನಲ್ಲಿ ಒಂದೇ ಹಾಡು ಸುಮಾರು 25 ನಿಮಿಷ ಸಾಗುತ್ತದೆ. ಈ ಎಳೆದಾಟದಲ್ಲಿ ಸಾಹಿತ್ಯ ಕೆಲವೊಮ್ಮೆ ಒಡೆದುಹೋಗುತ್ತದೆ, ನಿಜ. ಆದರೆ ಸವೆದ ಪದಗಳು ಮತ್ತೆ ಕಿವಿಗೆ ಬೀಳುವುದೂ ಆ ಒಡಕಿನಿಂದಲೇ.

ಗತಿಯ ಮೇಲಿನ ಈ ಹಕ್ಕನ್ನು ಆಕೆ ವೃತ್ತಿಯಲ್ಲೂ ಬಿಟ್ಟುಕೊಡಲಿಲ್ಲ. 1970ರ ಹೊತ್ತಿಗೆ ‘ಬೆಟ್-ಕಾರ್’ ಎಂಬ ಸ್ವಂತ ಧ್ವನಿಮುದ್ರಣ ಸಂಸ್ಥೆ ಕಟ್ಟಿ, ತಮಗೆ ಬೇಕಾದಂತೆ ಹಾಡಿದರು. ‘ಲುಕ್ ವಾಟ್ ಐ ಗಾಟ್!’ಗೆ ಗ್ರ್ಯಾಮಿ ಬರುವಾಗ ವಯಸ್ಸು ಅರವತ್ತರ ಹತ್ತಿರ. ಅಷ್ಟರಲ್ಲಿ ಜಾನ್ ಹಿಕ್ಸ್, ಮಲ್‌ಗ್ರೂ ಮಿಲ್ಲರ್, ಬೆನ್ನಿ ಗ್ರೀನ್‌ರಂಥ ಪಿಯಾನೊ ವಾದಕರು ಆಕೆಯ ತಂಡದಲ್ಲಿ ನುಡಿಸಿದ್ದರು. 1993ರಲ್ಲಿ ಯುವ ವಾದಕರಿಗಾಗಿಯೇ ‘ಜಾಝ್ ಅಹೆಡ್’ ಆರಂಭಿಸಿದರು.

1998ರಲ್ಲಿ ಆಕೆ ತೀರಿಕೊಂಡರು. ಜೊತೆಗಾರರಿಗೆ ಹೀಗೆ ಕಿವಿಗೊಡುವುದನ್ನು ಕಲಿಸಿದ ಗಾಯಕಿಯನ್ನು ಕಂಠವೊಂದರಿಂದಲೇ ಅಳೆಯುವುದು ಅನ್ಯಾಯ.