ಸೂರ್ಯಮಿತ್ರನ ಇಬ್ಬರು ಶಿಷ್ಯರು

ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯ ಕಥೆ. 1949ರಲ್ಲಿ ಡಿ. ಎಲ್. ನರಸಿಂಹಾಚಾರ್ಯರ ಸಂಪಾದನೆಯಲ್ಲಿ ಗ್ರಂಥವು ಪುಸ್ತಕರೂಪವಾಗಿ ಹೊರಬಂದಂದಿನಿಂದ ಅದರ ಕರ್ತೃ, ಕಾಲ, ಭಾಷೆಗಳನ್ನು ಕುರಿತು ವಿಪುಲವಾದ ಚರ್ಚೆ ನಡೆದಿದೆ. ಆದರೆ ಈ ಕಥೆಯೊಳಗೆ ಉಪಾಧ್ಯಾಯರಾದವರು ವಿಶೇಷವಾಗಿ ಮನಸ್ಸಿಟ್ಟು ನೋಡತಕ್ಕ ಪ್ರಸಂಗವೊಂದುಂಟು. ಹೇಳಿದಂತೆ ಕೇಳದ ವಿದ್ಯಾರ್ಥಿಯನ್ನು ಗುರುವು ಹೇಗೆ ನಡೆಸಿಕೊಳ್ಳಬೇಕೆಂಬುದೇ ಅದರ ವಿಷಯ.

ಕೌಶಂಬಿಯ ಪುರೋಹಿತನಾದ ಸೋಮಶರ್ಮನಿಗೆ ಅಗ್ನಿಭೂತಿ, ವಾಯುಭೂತಿ ಎಂಬ ಇಬ್ಬರು ಮಕ್ಕಳು. ಮುದ್ದಿನಲ್ಲಿ ಬೆಳೆದು, ಆಟದಲ್ಲಿ ಮುಳುಗಿ, ಅವರು ಓದನ್ನು ಒಲ್ಲದೆ ಹೋದರು. ತಂದೆ ಸತ್ತಮೇಲೆ ಅವನ ಪದವಿಯು ಪರರ ಪಾಲಾಯಿತು. ಆಗ ತಾಯಿ ಕಾಶ್ಯಪಿಯು ಅವರನ್ನು ರಾಜಗೃಹದಲ್ಲಿದ್ದ ತನ್ನ ಅಣ್ಣನಾದ ಸೂರ್ಯಮಿತ್ರನ ಬಳಿಗೆ ಕಳುಹಿಸಿದಳು. ಸೋದರಮಾವನೆಂದು ತೋರಿಸಿಕೊಂಡರೆ ಹುಡುಗರು ಮೊದಲಿನಂತೆಯೇ ಆಡಿ ಕೆಡುವರೆಂದು ಅವನು ಎಣಿಸಿದನು. ತನಗೆ ತಂಗಿಯೇ ಇಲ್ಲವೆಂದನು. ಭಿಕ್ಷೆಯೆತ್ತಿ ಉಂಡು ಓದುವುದಾದರೆ ಕಲಿಸುವೆನೆಂದನು. ಅವರು ಹಾಗೆಯೇ ಓದಿ ಸಕಲ ಶಾಸ್ತ್ರಗಳಲ್ಲಿ ಪಂಡಿತರಾದರು. ಹೊರಡುವ ದಿನ ಅವನು ತನ್ನ ಸಂಬಂಧವನ್ನೂ, ಅದನ್ನು ಮುಚ್ಚಿಟ್ಟ ಕಾರಣವನ್ನೂ ತಿಳಿಸಿದನು. ಅಗ್ನಿಭೂತಿಯು ಉಪಕಾರವನ್ನು ನೆನೆದನು. ವಾಯುಭೂತಿಯಾದರೋ ತನ್ನನ್ನು ತಿರಿದುಣ್ಣುವಂತೆ ಮಾಡಿದನೆಂದು ಹಗೆಗೊಂಡನು.

ಈ ಪ್ರಸಂಗವನ್ನು ಕಾಠಿನ್ಯದ ಪ್ರಶಂಸೆಯೆಂದು ಓದುವುದು ಸುಲಭ. ಕಥೆಗಾರನೂ ದೋಷವನ್ನು ವಾಯುಭೂತಿಯ ಕ್ರೋಧದ ಮೇಲೆಯೇ ಇಟ್ಟಿರುವನು. ಕಷಾಯಗಳ ಫಲವನ್ನು ತೋರಿಸುವುದೇ ಅವನ ಉದ್ದೇಶವಾದುದರಿಂದ ಅದು ಸಹಜವೇ ಆಗಿದೆ. ಸೂರ್ಯಮಿತ್ರನಲ್ಲಿ ಗುಣವಿಲ್ಲದೆಯೂ ಇಲ್ಲ. ಅವನು ಹುಡುಗರನ್ನು ದಡ್ಡರೆಂದು ತಳ್ಳಲಿಲ್ಲ. ಅವರ ನಡತೆಗೆ ಕಾರಣವನ್ನು ಹುಡುಕಿದನು, ಆ ಕಾರಣವನ್ನು ದೂರಮಾಡಿದನು. ಆದರೆ ಇಬ್ಬರಿಗೂ ಒಂದೇ ಕಾರಣವನ್ನು ಕಲ್ಪಿಸಿ ಒಂದೇ ಔಷಧವನ್ನು ಕೊಟ್ಟನು. ವಿದ್ಯೆ ಇಬ್ಬರಿಗೂ ಸಮನಾಗಿ ಬಂದಿತು. ಗುರುವು ಮಾತ್ರ ಒಬ್ಬನಿಗೆ ದಕ್ಕಲಿಲ್ಲ. ವಿವರಣೆಯೇನೋ ದೊರೆಯಿತು, ಆದರೆ ಅವಮಾನವು ಮನಸ್ಸಿನಲ್ಲಿ ಬೇರೂರಿದ ಮೇಲೆ ದೊರೆಯಿತು.

ಕಥೆಯು ಇಲ್ಲಿಗೇ ಮುಗಿದಿದ್ದರೆ ಇದೊಂದು ನೀತಿಪಾಠವಾಗಿ ಉಳಿಯುತ್ತಿತ್ತು. ಇದರ ಹೆಚ್ಚಳವಿರುವುದು ಮುಂದಣ ಭಾಗದಲ್ಲಿ. ಸೂರ್ಯಮಿತ್ರನು ಜೈನಮುನಿಯಾಗುತ್ತಾನೆ. ಅವನನ್ನು ನಿಂದಿಸಿದ ವಾಯುಭೂತಿಯು ಹಲವು ಹೀನಜನ್ಮಗಳನ್ನು ತಳೆದು, ಕಡೆಗೆ ಚಂಪಾಪುರದಲ್ಲಿ ನಾಗಶ್ರೀ ಎಂಬ ಹುಡುಗಿಯಾಗಿ ಹುಟ್ಟುತ್ತಾನೆ. ಮುನಿಗಳು ಅವಳಿಗೆ ವ್ರತಗಳನ್ನು ಕೊಡುತ್ತಾರೆ; ತಂದೆ ಒಪ್ಪದಿದ್ದರೆ ಮರಳಿಸಬಹುದೆಂದೂ ಹೇಳುತ್ತಾರೆ. ಕೋಪಗೊಂಡ ತಂದೆಯು ಅವಳನ್ನು ಕರೆದೊಯ್ಯುವಾಗ, ಹಿಂಸೆ, ಸುಳ್ಳು, ಕಳವುಗಳಿಗಾಗಿ ದಂಡನೆಗೆ ಗುರಿಯಾದವರು ದಾರಿಯಲ್ಲಿ ಒಬ್ಬೊಬ್ಬರಾಗಿ ಎದುರಾಗುತ್ತಾರೆ; ಒಂದೊಂದು ವ್ರತದ ಅರ್ಥವೂ ಕಣ್ಣೆದುರಿಗೇ ತಿಳಿಯುತ್ತದೆ. ಕೊನೆಗೆ ಸೂರ್ಯಮಿತ್ರನು ಅವಳನ್ನು ತನ್ನ ಮಗಳೆಂದು ವಾದಿಸಿ, ವಾಯುಭೂತಿಯೆಂಬ ಹಳೆಯ ಹೆಸರಿನಿಂದಲೇ ಕರೆಯುತ್ತಾನೆ. ಅಂದು ಕಲಿತ ಶಾಸ್ತ್ರಗಳೆಲ್ಲವನ್ನೂ ಅವಳು ಹೇಳುತ್ತಾಳೆ.

ತಂಗಿಯೇ ಇಲ್ಲವೆಂದವನು ಇಲ್ಲಿ ಮಗಳೆನ್ನುತ್ತಿರುವನು. ಮೊದಲು ಕಟ್ಟಳೆಯಾಗಿ ಹೇರಿದ್ದನ್ನು ಈಗ ಮರಳಿಸಲು ಅವಕಾಶವಿತ್ತು ಕೊಡಲಾಗಿದೆ. ಇದನ್ನು ಕಥೆಗಾರನು ಬಾಯಿಬಿಟ್ಟು ಹೇಳದಿದ್ದರೂ ರಚನೆಯೇ ಹೇಳುತ್ತದೆ: ಸಂಬಂಧವನ್ನು ಅಲ್ಲಗಳೆದು ಆರಂಭವಾದ ಶಿಕ್ಷಣವು ಸಂಬಂಧವನ್ನು ಒಪ್ಪಿಕೊಂಡಾಗಲೇ ಪೂರ್ಣವಾಯಿತು. ಕಲಿಸಿದ ವಿದ್ಯೆ ಎಲ್ಲಿಯೂ ಹೋಗಿರಲಿಲ್ಲ. ಹೆಸರು ಹಿಡಿದು ಕರೆಯುವವನು ಬೇಕಾಗಿತ್ತು.

ಈ ವಿಚಾರವು ಕೇವಲ ಸಾಹಿತ್ಯದ್ದಲ್ಲ. ಕೊಡಗಿನಲ್ಲಿ ವಿರಾಜಪೇಟೆಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಕಾಫಿ ತೋಟಗಳ ನಡುವೆ ಇರುವ ಅಮ್ಮತ್ತಿಯಂತಹ ಊರನ್ನು ತೆಗೆದುಕೊಳ್ಳಬಹುದು. ಆ ಸೀಮೆಯ ಮನೆಗಳಲ್ಲಿಯೂ ತೋಟದ ಲೈನುಗಳಲ್ಲಿಯೂ ಕೊಡವ ತಕ್ಕ್, ಮಲೆಯಾಳ, ತಮಿಳು, ಯರವ ನುಡಿಗಳುಂಟು. ತರಗತಿಯಲ್ಲಿ ಬೇರೆಯ ನುಡಿ. ಕೊಯ್ಲಿನ ತಿಂಗಳುಗಳಲ್ಲಿ ತಾಯಿತಂದೆಗಳು ಮುಂಜಾನೆಯೇ ತೋಟಕ್ಕಿಳಿಯುತ್ತಾರೆ. ಶಾಲೆಯ ದಾರಿಯಲ್ಲಿ ಕಾಡಾನೆಯ ಭಯವುಂಟು. ಇಂತಹ ಕಡೆ ಗದ್ದಲವೆಬ್ಬಿಸುವ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಪಾಠದ ಮಾತು ತಿಳಿಯದಿರಬಹುದು, ಇನ್ನೊಬ್ಬನಿಗೆ ನಿದ್ರೆ ಸಾಲದಿರಬಹುದು. ಮೊದಲನೆಯವನನ್ನು ಹೊರಗೆ ನಿಲ್ಲಿಸಿದರೆ, ತಿಳಿಯದ ಪಾಠದಿಂದ ತಪ್ಪಿಸಿಕೊಳ್ಳಬೇಕೆಂಬ ಅವನ ಇಚ್ಛೆಯೇ ನೆರವೇರಿದಂತಾಯಿತು. ಶಿಕ್ಷೆಯೇ ನಡತೆಗೆ ಬಹುಮಾನವಾಯಿತು.

ಆದುದರಿಂದಲೇ ಇಂದಿನ ಶಿಕ್ಷಣಶಾಸ್ತ್ರವು ನಡತೆಯನ್ನು ಹಳಿಯುವ ಮುನ್ನ ಅದರ ಹಿಂದು-ಮುಂದನ್ನು ಬರೆದಿಡಬೇಕೆನ್ನುತ್ತದೆ: ಯಾವ ಹೊತ್ತಿನಲ್ಲಿ, ಯಾವ ಪಾಠದಲ್ಲಿ ಅದು ತಲೆದೋರುತ್ತದೆ, ಅದರಿಂದ ಮಗುವಿಗೆ ಏನು ದೊರೆಯುತ್ತದೆ ಎಂಬುದನ್ನು. ಬಳಿಕ, ಅದೇ ಫಲವನ್ನು ಸಭ್ಯವಾಗಿ ಪಡೆಯುವ ದಾರಿಯನ್ನು, ಸಹಾಯ ಬೇಡುವುದನ್ನೂ ಬಿಡುವು ಕೇಳುವುದನ್ನೂ, ಕಲಿಸಬೇಕೆನ್ನುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ದೈಹಿಕ ದಂಡನೆಯನ್ನೂ ಮಾನಸಿಕ ಪೀಡನೆಯನ್ನೂ ನಿಷೇಧಿಸಿದೆ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕಕೂಡದೆಂದು ವಿಧಿಸಿದೆ. ಸೂರ್ಯಮಿತ್ರನು ಹೊಡೆಯಲಿಲ್ಲ, ಹೊರಹಾಕಲೂ ಇಲ್ಲ. ಆದರೂ ಅವನ ಮೊದಲ ಕ್ರಮವು ಈ ವಿಧಿಯ ಎರಡನೆಯ ಮಾತಿಗೆ ನಿಲ್ಲಲಾರದು.

ಕಾಯಿದೆಯು ಬೇಡವಾದುದನ್ನು ತಡೆಯಬಲ್ಲುದು. ಬೇಕಾದುದನ್ನು ಉಪಾಧ್ಯಾಯನೇ ತರಬೇಕು. ಈ ಕಥೆಯನ್ನು ಪಾಠ ಹೇಳುವವರು ವಾಯುಭೂತಿಯ ಕೃತಘ್ನತೆಯಲ್ಲಿ ನಿಲ್ಲಿಸದೆ ನಾಗಶ್ರೀಯವರೆಗೆ ನಡೆಸಿಕೊಂಡು ಹೋಗುವುದು ಯುಕ್ತ. ಒಪ್ಪಿ ನಡೆದ ಅಗ್ನಿಭೂತಿಯನ್ನು ಯಾರಾದರೂ ಕಲಿಸಿಯಾರು. ಮುನಿದು ಹೋದವನನ್ನು ಜನ್ಮಾಂತರದಲ್ಲಿಯೂ ಕೈಬಿಡದೆ ಹುಡುಕಿದುದರಿಂದಲೇ ಸೂರ್ಯಮಿತ್ರನು ಗುರುವೆನಿಸಿದನು.