ತಡೆಯಾಜ್ಞೆ ಇಲ್ಲದವರ ಸುದ್ದಿ

2020ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಸಿಸಿಬಿ ಪೊಲೀಸರು ನಿರೂಪಕಿ ಅನುಶ್ರೀ ಅವರಿಗೆ ನೋಟಿಸ್ ಕೊಟ್ಟು ವಿಚಾರಣೆಗೆ ಕರೆದರು. ಡ್ರಗ್ಸ್ ಪ್ರಕರಣದಲ್ಲಿ ಬಂಧಿತನಾಗಿದ್ದ ನೃತ್ಯ ಸಂಯೋಜಕನೊಬ್ಬನ ಪರಿಚಯ ಅವರಿಗಿತ್ತು. ಹೋದರು, ಉತ್ತರ ಕೊಟ್ಟು ಬಂದರು. ಪೊಲೀಸರು ಅವರನ್ನು ಆರೋಪಿ ಮಾಡಲಿಲ್ಲ. ಸುದ್ದಿ ಇದ್ದದ್ದು ಇಷ್ಟೇ. ಆದರೆ ವಾಹಿನಿಗಳು ಇದನ್ನು ದಿನಗಟ್ಟಲೆ ಎಳೆದವು. ನೋಟಿಸ್ ಬಂದ ಮಾತ್ರಕ್ಕೆ ನಾನು ಅಪರಾಧಿಯಲ್ಲ ಎಂದು ಆಕೆ ವಿಡಿಯೊ ಮಾಡಿ, ಕಣ್ಣೀರಿಟ್ಟು ಹೇಳಬೇಕಾಯಿತು. ಆ ಕಣ್ಣೀರನ್ನೂ ಬ್ರೇಕಿಂಗ್ ನ್ಯೂಸ್ ಮಾಡಿದರು.

ಆರು ತಿಂಗಳೂ ಕಳೆದಿರಲಿಲ್ಲ. 2021ರ ಮಾರ್ಚ್‌ನಲ್ಲಿ ಆಗ ಸಚಿವರಾಗಿದ್ದ ರಮೇಶ ಜಾರಕಿಹೊಳಿ ಅವರದೆನ್ನಲಾದ ಅಶ್ಲೀಲ ಸಿ.ಡಿ. ಪ್ರಸಾರವಾಗಿ ಅವರು ರಾಜೀನಾಮೆ ಕೊಟ್ಟರು. ಮೂರೇ ದಿನದೊಳಗೆ ಆರು ಮಂದಿ ಸಚಿವರು ಬೆಂಗಳೂರಿನ ನ್ಯಾಯಾಲಯಕ್ಕೆ ಹೋಗಿ, ತಮ್ಮ ವಿರುದ್ಧ ಮಾನಹಾನಿಕರವಾದದ್ದನ್ನು ಪ್ರಕಟಿಸದಂತೆ ಮಾಧ್ಯಮಗಳಿಗೆ ತಡೆ ತಂದರು. 2023ರ ಜೂನ್‌ನಲ್ಲಿ ಸಂಸದ ಪ್ರಜ್ವಲ್ ರೇವಣ್ಣ 86 ಮಾಧ್ಯಮ ಸಂಸ್ಥೆಗಳ ಮೇಲೆ ಅಂಥದ್ದೇ ಆದೇಶ ಪಡೆದರು. ಹಾಸನದ ಓಣಿಗಳಲ್ಲಿ ಅವರವೆನ್ನಲಾದ ಅಶ್ಲೀಲ ವಿಡಿಯೊಗಳ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ದಾಟುವವರೆಗೂ ಸ್ಟುಡಿಯೊಗಳು ಸಭ್ಯವಾಗಿಯೇ ಇದ್ದವು.

ಕೋರ್ಟ್ ಆದೇಶಕ್ಕೆ ತಲೆಬಾಗಲೇಬೇಕು, ನಿಜ. ನನ್ನ ತಕರಾರು ಆದೇಶದ ಮೇಲಲ್ಲ. ಖಚಿತವಾಗದ ಆರೋಪವನ್ನು ಹರಡಬಾರದು ಎಂಬುದು ಪತ್ರಿಕೋದ್ಯಮದ ಮೊದಲ ಪಾಠ. ವಕೀಲರ ಪಡೆ ಇದ್ದವರ ಮುಂದೆ ಮಾತ್ರ ಆ ಪಾಠ ನೆನಪಾಗುವುದಾದರೆ ಅದು ಭಯ, ನೀತಿಯಲ್ಲ. ಇದರ ಜೊತೆಗೆ ಮಾಲೀಕತ್ವದ ಪ್ರಶ್ನೆಯೂ ಇದೆ. 'ಕಸ್ತೂರಿ' ವಾಹಿನಿ ರಾಜಕಾರಣಿ ಎಚ್.ಡಿ. ಕುಮಾರಸ್ವಾಮಿ ಕುಟುಂಬದ್ದಾಗಿತ್ತು, 'ಜನಶ್ರೀ' ಬಳ್ಳಾರಿ ರೆಡ್ಡಿ ಬಳಗದ್ದಾಗಿತ್ತು. ರಾಜಕಾರಣಿ ವಾಹಿನಿಯನ್ನೇ ಇಟ್ಟುಕೊಳ್ಳಬಲ್ಲ. ಮೈಕ್ ಹಿಡಿದು ದುಡಿಯುವ ನಿರೂಪಕಿಗೆ ತಾನು ನಿಂತ ವೇದಿಕೆಯೂ ಸ್ವಂತದ್ದಲ್ಲ.

ಪ್ರಜ್ವಲ್ ಪ್ರಕರಣದ ಬಿಸಿ ಮೈಸೂರು ಜಿಲ್ಲೆಗೂ ತಟ್ಟಿತು. 2024ರ ಮೇ ತಿಂಗಳಲ್ಲಿ ಮನೆಗೆಲಸದ ಮಹಿಳೆಯೊಬ್ಬರ ಅಪಹರಣದ ದೂರು ಕೆ.ಆರ್. ನಗರ ಠಾಣೆಯಲ್ಲಿ ದಾಖಲಾಯಿತು. ಆಕೆಯನ್ನು ಇರಿಸಿದ್ದರೆನ್ನಲಾದ ಹುಣಸೂರು ತಾಲ್ಲೂಕಿನ ತೋಟದ ಮನೆಯೊಂದು ರಾಜ್ಯದ ಸುದ್ದಿಯಾಯಿತು. ಆ ಮಹಿಳೆಯ ಅತ್ಯಾಚಾರ ಪ್ರಕರಣದಲ್ಲಿ 2025ರ ಆಗಸ್ಟ್‌ನಲ್ಲಿ ಪ್ರಜ್ವಲ್‌ಗೆ ಜೀವಾವಧಿ ಶಿಕ್ಷೆಯಾಯಿತು. ಅದಕ್ಕೆ ಬೇಕಾದ ಸಾಕ್ಷ್ಯ ಸ್ಟುಡಿಯೊಗಳ ಕೂಗಾಟದಿಂದ ಹುಟ್ಟಲಿಲ್ಲ. ಹೆದರದೆ ಹೇಳಿಕೆ ಕೊಟ್ಟ ಹೆಣ್ಣುಮಗಳಿಂದ, ಎಸ್‌ಐಟಿ ತನಿಖೆಯಿಂದ ಬಂತು.

ಪಿರಿಯಾಪಟ್ಟಣದ ಹೋಟೆಲಿನಲ್ಲೋ ಎಚ್.ಡಿ. ಕೋಟೆಯ ಬಸ್ ನಿಲ್ದಾಣದಲ್ಲೋ ಟಿ.ವಿ. ನೋಡುವವರು ಪೆದ್ದರಲ್ಲ. ಯಾರ ಹೆಸರನ್ನು ಕೂಗಿ ಹೇಳುತ್ತಾರೆ, ಯಾರನ್ನು 'ಪ್ರಭಾವಿ ನಾಯಕರು' ಎಂದಷ್ಟೇ ಹೇಳಿ ಜಾರಿಕೊಳ್ಳುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ವಾಹಿನಿಗಳು ಮಾಡಬೇಕಾದದ್ದು ಕಷ್ಟದ ಕೆಲಸವೇನಲ್ಲ. ನೋಟಿಸನ್ನು ನೋಟಿಸ್ ಎಂದೇ ಹೇಳಲಿ, ಆರೋಪಿಯನ್ನು ಅಪರಾಧಿ ಎನ್ನದಿರಲಿ. ಬಂಧನಕ್ಕೆ ಕೊಟ್ಟಷ್ಟೇ ಹೊತ್ತನ್ನು ಖುಲಾಸೆಗೂ ಕೊಡಲಿ. ಸಚಿವರಿಗೆ ನ್ಯಾಯಾಲಯ ಕೊಡಿಸಿದ ಎಚ್ಚರವನ್ನು, ನ್ಯಾಯಾಲಯದವರೆಗೆ ಹೋಗಲಾಗದ ನಿರೂಪಕಿಗೆ ಸಂಪಾದಕರು ತಾವಾಗಿಯೇ ಕೊಡಲಿ. ಅಲ್ಲಿಯವರೆಗೆ ಅವರ ನೈತಿಕ ಆಕ್ರೋಶಕ್ಕೆ ಕಿವಿಗೊಡುವ ಅಗತ್ಯ ನಮಗಿಲ್ಲ.